ಬೆನ್ನಿನ ಸೂಜಿ

ವರ್ನಾಳ ಮನೆಯಲ್ಲಿ ತಲೆನೋವಿನ ಮಾತ್ರೆಗೂ ಬೀಗವಿತ್ತು. ಮಗ ರಸ್ಟಿ ಗಾಳ, ದಾರ ಇಟ್ಟುಕೊಳ್ಳುತ್ತಿದ್ದ ಹಸಿರು ತಗಡಿನ ಪೆಟ್ಟಿಗೆಯನ್ನು ತೊಳೆದು, ಮನೆಯ ಔಷಧಿಯನ್ನೆಲ್ಲ ಅದರಲ್ಲಿ ತುಂಬಿ, ಕೀಲಿಯನ್ನು ಕೊರಳಲ್ಲಿ ಶಿಲುಬೆಯ ಪಕ್ಕ ನೇತುಹಾಕಿಕೊಂಡಿದ್ದಳು. ಕೆಮ್ಮಿನ ಔಷಧಿಗೂ ಅವಳನ್ನೇ ಕೇಳಬೇಕು. ಕೇಳಿದವರನ್ನು ಅವಳು ಮೊದಲು ಅಡಿಯಿಂದ ಮುಡಿಯವರೆಗೆ ನೋಡುತ್ತಿದ್ದಳು, ಆಮೇಲೆ ಪೆಟ್ಟಿಗೆ ತೆಗೆಯುತ್ತಿದ್ದಳು.

"ಮಂಡಿ ಕಿತ್ಕೊಂಡು ಬರ್ತಿದೆ ಕಣೇ. ಒಂದು ಮಾತ್ರೆ ಕೊಡು," ಎಂದು ಅವಳ ತಾಯಿ ಓಪಲ್ ಅಡುಗೆಮನೆಯ ಕುರ್ಚಿಯಿಂದ ಕೂಗುವುದು ದಿನನಿತ್ಯದ ಮಾತು.

"ಬೆಳಿಗ್ಗೆ ಕೊಟ್ಟೆನಲ್ಲಮ್ಮ."

"ಬೆಳಿಗ್ಗೆ ತಿಂದೆ ಅಂತ ಸಂಜೆ ಊಟ ಬಿಡ್ತೀಯಾ ನೀನು? ಎಂಬತ್ತರ ಮುದುಕಿ ನಾನು. ಮಾತ್ರೆ ಪುಡಿ ಮಾಡಿ ಮೂಗಿಗೆ ಏರಿಸ್ತೀನಾ?"

ಈ ಮಾತು ಬಂದ ಕೂಡಲೇ ವರ್ನಾ ಬೆನ್ನು ತಿರುಗಿಸುತ್ತಿದ್ದಳು. ರಸ್ಟಿ ಮಾಡುತ್ತಿದ್ದದ್ದು ಅದನ್ನೇ.

ರಸ್ಟಿಯದು ನಮ್ಮ ಕಣಿವೆಗೆ ಹೊಸ ಕಥೆಯೇನಲ್ಲ. ಕಲ್ಲಿದ್ದಲ ಗಣಿಯ ಚಾವಣಿಯಿಂದ ಬಂಡೆ ಕಳಚಿ ಬೆನ್ನಿಗೆ ಬಿತ್ತು. ಡಾಕ್ಟರು ಮಾತ್ರೆ ಬರೆದುಕೊಟ್ಟರು. ಬೆನ್ನು ವಾಸಿಯಾಯಿತು, ಮಾತ್ರೆ ಬಿಡಲಿಲ್ಲ. ಡಾಕ್ಟರು ನಿಲ್ಲಿಸಿದಾಗ ಬೀದಿಯಲ್ಲಿ ಪುಡಿ ಸಿಕ್ಕಿತು. ಒಂದು ಬೆಳಿಗ್ಗೆ ಮಹಡಿಯ ಬಚ್ಚಲುಮನೆಯ ಬಾಗಿಲನ್ನು ವರ್ನಾ ಸುತ್ತಿಗೆಯಿಂದ ಒಡೆಯಬೇಕಾಯಿತು. ಆ ಪುಡಿಯಲ್ಲಿದ್ದದ್ದು ಫೆಂಟನಿಲ್, ಚಿಟಿಕೆಯಷ್ಟಕ್ಕೇ ಉಸಿರು ನಿಲ್ಲಿಸಬಲ್ಲ ನೋವಿನ ಔಷಧಿ. ಆ ಹೆಸರನ್ನು ನಮ್ಮಲ್ಲಿ ಶಾಲೆಯ ಮಕ್ಕಳೂ ತಡವರಿಸದೆ ಹೇಳುತ್ತಾರೆ.

ಅವನು ಸಾಯುವುದಕ್ಕೆ ಸ್ವಲ್ಪ ಮುಂಚೆ ಕ್ಲಿನಿಕ್ಕಿನ ಡಾಕ್ಟರು ವರ್ನಾಳನ್ನು ಪಕ್ಕಕ್ಕೆ ಕರೆದು, ಹುಡುಗ ಏನಾದರೂ ತೆಗೆದುಕೊಳ್ಳುತ್ತಾನಾ ಎಂದು ಕೇಳಿದ್ದರು. "ನನ್ನ ಮಗ ಅಂಥೋನಲ್ಲ," ಎಂದು ಅವಳು ಎದೆ ಮುಟ್ಟಿಕೊಂಡು ಆಣೆ ಇಟ್ಟಿದ್ದಳು. ಆ ಆಣೆ ಅವಳನ್ನು ಸುಡುತ್ತಲೇ ಇತ್ತು. ಚರ್ಚಿನ ನೆಲಮಾಳಿಗೆಯಲ್ಲಿ ಮಕ್ಕಳನ್ನು ಕಳೆದುಕೊಂಡ ತಾಯಂದಿರು ವಾರಕ್ಕೊಮ್ಮೆ ಸೇರುತ್ತಾರೆ. ಕಾಫಿ, ಸೇಬಿನ ಪೈ, ಅಳು, ಕೊನೆಗೆ ಎಲ್ಲರೂ ಎದ್ದುನಿಂತು ಒಂದು ಪ್ರತಿಜ್ಞೆ: ಯಾವ ಡಾಕ್ಟರ ಮುಂದೆಯೂ ಇನ್ನು ಏನನ್ನೂ ಮುಚ್ಚಿಡುವುದಿಲ್ಲ. ಉಳಿದವರು ಅದನ್ನು ಹೇಳಿ ಮನೆಗೆ ಹೋಗುತ್ತಿದ್ದರು. ವರ್ನಾ ಅದನ್ನು ಪಾಲಿಸಿದಳು. ಮಗಳು ಕೆಂಡ್ರಾಳ ಹಲ್ಲು ಕೀಳಿಸಲು ಹೋದಾಗ, ಹಲ್ಲಿನ ಡಾಕ್ಟರು ಕೈ ತೊಳೆಯುವ ಮೊದಲೇ, "ನಮ್ಮ ಮನೇಲಿ ಈ ಕಾಯಿಲೆ ಇದೆ ಡಾಕ್ಟ್ರೇ, ನೋಡ್ಕೊಂಡು ಔಷಧಿ ಕೊಡಿ," ಎಂದಳು. ಕೆಂಡ್ರಾ ಜೀವಮಾನದಲ್ಲಿ ಬಿಯರ್ ಬಿಟ್ಟು ಬೇರೇನನ್ನೂ ಮುಟ್ಟಿದವಳಲ್ಲ. ಗಟ್ಟಿ ನೋವಿನ ಮಾತ್ರೆ ಸಿಗದೆ, ಕೆನ್ನೆ ಊದಿಸಿಕೊಂಡು ಒಂದು ವಾರ ನರಳಿದಳು.

ಈಗ ಅವಳು ತುಂಬು ಬಸುರಿ. ಗಂಡ ಗ್ಯಾರೆಟ್ ನದಿಯಲ್ಲಿ ಕಲ್ಲಿದ್ದಲು ಸಾಗಿಸುವ ದೋಣಿಯ ಕೆಲಸದವನು. ಹೋದರೆ ತಿಂಗಳು, ಬಂದರೆ ಎರಡು ವಾರ. ಹಾಗಾಗಿ ಹೆರಿಗೆಗೆ ಅಮ್ಮನ ಮನೆಯೇ ಗತಿಯಾಯಿತು. ಊರಿನ ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡು ಮುಚ್ಚಿ ಎಷ್ಟೋ ಕಾಲವಾಗಿತ್ತು. ಎರಡು ಬೆಟ್ಟ ದಾಟಿ ಬೇರೆ ಊರಿನ ಆಸ್ಪತ್ರೆಗೆ ಹೋಗಬೇಕು. ಅಲ್ಲಿಯ ಬಸುರಿಯರ ತರಗತಿ ಮುಗಿಸಿಕೊಂಡು ಮಾರ್ಚ್ ತಿಂಗಳ ಒಂದು ಶನಿವಾರ ಕೆಂಡ್ರಾ ಮನೆಗೆ ಬಂದಾಗ, ವರ್ನಾ ಬೇಯಿಸಿದ ಅವರೆಯಂಥ ಕಂದು ಬೀನ್ಸು, ಮುಸುಕಿನ ಜೋಳದ ರೊಟ್ಟಿ, ಹುರಿದ ಆಲೂಗಡ್ಡೆಯನ್ನು ಮೇಜಿನ ಮೇಲೆ ಇಡುತ್ತಿದ್ದಳು.

"ಏನು ಕಲಿಸಿದ್ರು?" ಎಂದಳು ಓಪಲ್. "ಮಗು ಯಾವ ಕಡೆಯಿಂದ ಬರುತ್ತೆ ಅಂತನಾ?"

"ಹೆರಿಗೆ ನೋವಿಗೆ ಹಾಕೋ ಬೆನ್ನಿನ ಸೂಜಿ ಬಗ್ಗೆ ಹೇಳಿದ್ರು ಅಜ್ಜಿ. ಅದರಲ್ಲೂ ಎರಡು ತರ ಇದೆಯಂತೆ. ಒಂದು ಹಳೇದು. ಬೆನ್ನಿಗೆ ಸಣ್ಣ ನಳಿಗೆ ಹಾಕಿ ಮರಗಟ್ಟೋ ಔಷಧಿ ಬಿಡ್ತಾರೆ. ನೋವು ಹೋಗುತ್ತೆ, ಕಾಲೂ ಹೋಗುತ್ತೆ. ಮರದ ದಿಮ್ಮಿ ತರ ಬಿದ್ದಿರ್ಬೇಕು. ಇನ್ನೊಂದರಲ್ಲಿ ಮೊದಲು ಒಂದು ಸಣ್ಣ ಸೂಜಿ, ಆಮೇಲೆ ನಳಿಗೆ. ಔಷಧಿ ಕಮ್ಮಿ. ಕಾಲಲ್ಲಿ ಶಕ್ತಿ ಇರುತ್ತೆ. ಓಡಾಡೋ ಎಪಿಡ್ಯೂರಲ್ ಅಂತಾರೆ, ಆದ್ರೆ ಓಡಾಡೋಕೇನೂ ಬಿಡಲ್ವಂತೆ. ಮಗ್ಗುಲಾಗಬಹುದು, ಮಂಡಿಯೂರಬಹುದು. ಯಾವಾಗ ಮುಕ್ಕಬೇಕು ಅಂತ ನಮಗೇ ಗೊತ್ತಾಗುತ್ತೆ."

"ಔಷಧಿ ಕಮ್ಮಿ ಹಾಕಿದ್ರೆ ನೋವು ಹೇಗೆ ಹೋಗುತ್ತೆ?" ವರ್ನಾ ಸೌಟು ಹಿಡಿದೇ ಕೇಳಿದಳು. ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತು ವರ್ಷ ಅಳತೆ ನೋಡಿ ಬೇಯಿಸಿದವಳು. "ಒಂದು ಕಮ್ಮಿ ಮಾಡಿದ್ರೆ ಇನ್ನೊಂದು ಸೇರಿಸಲೇಬೇಕಲ್ಲ. ಏನು ಸೇರಿಸ್ತಾರೆ?"

ಕೆಂಡ್ರಾ ರೊಟ್ಟಿ ಮುರಿದಳು. ತಿನ್ನಲಿಲ್ಲ.

"ಹೇಳೇ."

"ಸ್ವಲ್ಪ ಫೆಂಟನಿಲ್."

ವರ್ನಾ ಸೌಟನ್ನು ಪಾತ್ರೆಗೆ ಹಾಕಿದ ರಭಸಕ್ಕೆ ಸಾರು ಒಲೆಯ ಮೇಲೆ ಚೆಲ್ಲಿತು.

"ನನ್ನ ಮೊಮ್ಮಗು ಈ ಭೂಮಿಗೆ ಬರೋ ಮುಂಚೇನೇ ಅದನ್ನ ಕುಡಿಸ್ತೀಯಾ?"

"ಕುಡಿಸೋದಲ್ಲಮ್ಮ. ಸೂಜಿ ಮೊನೆಯಷ್ಟು, ಡಾಕ್ಟರ ಕೈಯಿಂದ. ಮಗುವಿಗೇನೂ ಆಗಲ್ಲ ಅಂದ್ರು. ನಾನೇ ಕೇಳ್ದೆ."

"ರಸ್ಟಿಗೂ ಮೊದಲು ಕೊಟ್ಟಿದ್ದು ಡಾಕ್ಟರ ಕೈಯೇ."

"ಎಲ್ಲದಕ್ಕೂ ಅವನನ್ನ ಎಳ್ಕೊಂಡು ಬರ್ಬೇಡ! ಹೆರೋದು ನಾನು!"

"ಅದಿಲ್ಲದೇ ಕೊಡ್ತಾರೋ ಇಲ್ವೋ? ಅಷ್ಟು ಹೇಳು."

"ಕೊಡ್ತಾರೆ. ಕೇಳಿದ್ರೆ ಬರೀ ಮರಗಟ್ಟೋದನ್ನೇ ಜಾಸ್ತಿ ಹಾಕ್ತಾರೆ. ಸೊಂಟದಿಂದ ಕೆಳಗೆ ಏನೂ ಇರಲ್ಲ." ಕೆಂಡ್ರಾ ವೃದ್ಧರ ಆರೈಕೆ ಮನೆಯಲ್ಲಿ ಕೆಲಸ ಮಾಡುತ್ತಿದ್ದಳು. "ಕಾಲು ಬಿದ್ದುಹೋದವರನ್ನ ದಿನಾ ಹೊರಳಿಸೋಳು ನಾನಮ್ಮ. ಮೇಲೆತ್ತಿ, ಒರೆಸಿ, ಮಗ್ಗುಲು ಮಾಡಿ. ಅವರ ಕಣ್ಣು ಹೇಗಿರುತ್ತೆ ಅಂತ ನನಗೆ ಗೊತ್ತು. ನನ್ನನ್ನ ಹಾಗೆ ಯಾರೋ ಹೊರಳಿಸೋದು ಬೇಡ."

"ಎದ್ದು ಕೂರೋ ಹಾಗಿರೋದನ್ನೇ ತಗೋ ಮಗಾ," ಎಂದಳು ಓಪಲ್. "ನನ್ನ ಕಾಲದಲ್ಲಿ ಮತ್ತು ಬರೋ ಸೂಜಿ ಚುಚ್ಚಿ, ಕೈಕಾಲು ಮಂಚಕ್ಕೆ ಕಟ್ಟಿ ಹಾಕ್ತಿದ್ರು. ಎಚ್ಚರ ಆದಾಗ ಒಂದು ಕೂಸು ತಂದು ಮಡಿಲಿಗೆ ಹಾಕಿದ್ರು. ಇವಳು ನನ್ನ ಮಗಳೇ ಅಂತ ಇವತ್ತಿಗೂ ಗ್ಯಾರಂಟಿ ಇಲ್ಲ. ಮಾತ್ರೆ ಕೊಡೋದು ನೋಡಿದ್ರೆ ಅಲ್ಲ ಅಂತಲೇ ಅನ್ಸುತ್ತೆ."

ವರ್ನಾ ಒಲೆ ಒರೆಸತೊಡಗಿದಳು.

ಅಲ್ಲಿಂದ ಮೂರ್ನಾಲ್ಕು ವಾರ ಆ ಮನೆಯಲ್ಲಿ ಬೇರೆ ವಿಷಯವೇ ಇರಲಿಲ್ಲ. ಬಟ್ಟೆ ಒಣಹಾಕುವಾಗ ಅದೇ, ಪಾತ್ರೆ ಬೆಳಗುವಾಗ ಅದೇ. ವರ್ನಾ ಆಸ್ಪತ್ರೆಗೆ ಫೋನ್ ಮಾಡಿ ನರ್ಸಿನ ತಲೆ ತಿಂದಳು. ಚರ್ಚಿನ ತಾಯಂದಿರ ಮುಂದೆ ಹೇಳಿಕೊಂಡು ಅತ್ತಳು. ಅವರಲ್ಲೊಬ್ಬಳು ಅಂಗಡಿಯಲ್ಲಿ ಕೆಂಡ್ರಾಳ ಕೈ ಹಿಡಿದು, "ನಿನಗೋಸ್ಕರ ಪ್ರಾರ್ಥನೆ ಮಾಡ್ತಿದೀವಿ ಪುಟ್ಟಾ," ಎಂದಾಗ ಕೆಂಡ್ರಾಳಿಗೆ ಕೆನ್ನೆಗೆ ಬಾರಿಸಿದಂತಾಯಿತು. ಮನೆಗೆ ಬಂದು ಚೀಲವನ್ನು ನೆಲಕ್ಕೆ ಕುಕ್ಕಿದಳು.

"ಊರಿಗೆಲ್ಲ ಹೇಳಿದ್ಯಾ? ನಾನೇನು ಗಾಂಜಾ ಮಾರ್ತಾ ಸಿಕ್ಕಿಬಿದ್ದಿದ್ದೀನಾ?"

"ಮಾತು ಕೊಡು. ಬರೀ ಮರಗಟ್ಟೋದನ್ನೇ ತಗೋತೀನಿ ಅಂತ ಒಂದು ಮಾತು ಕೊಟ್ಬಿಡು, ಇನ್ನು ನಾನು ಬಾಯಿ ತೆರೆದ್ರೆ ಕೇಳು."

ಕೆಂಡ್ರಾ ದೋಣಿಯಲ್ಲಿದ್ದ ಗಂಡನಿಗೆ ಫೋನ್ ಮಾಡಿದಳು. ಅವನಿಗೆ ಎಂಜಿನ್ನಿನ ಗದ್ದಲದಲ್ಲಿ ಅರ್ಧ ಕೇಳಿತು, ಅರ್ಧ ಕೇಳಲಿಲ್ಲ. "ಹ್ಞೂಂ ಅಂದ್ಬಿಡೇ. ಅಲ್ಲಿ ಹೋದ್ಮೇಲೆ ನಿನಗೆ ಬೇಕಾದ್ದು ತಗೋ. ಅತ್ತೆ ಏನು ಸೂಜಿ ಮುರಿದು ನೋಡ್ತಾರಾ?"

ಗಂಡಸರ ಬುದ್ಧಿಯೆಲ್ಲ ಇಷ್ಟೇ. ಆದರೆ ಅವತ್ತಿನ ಮಟ್ಟಿಗೆ ಅದು ಸುಲಭದ ದಾರಿ. ಕೆಂಡ್ರಾ ಅಡುಗೆಮನೆಗೆ ಬಂದು, "ಆಯ್ತಮ್ಮ. ನೀನು ಹೇಳಿದ್ದನ್ನೇ ತಗೋತೀನಿ," ಎಂದಳು. ವರ್ನಾ ಮಗಳನ್ನು ತಬ್ಬಿಕೊಂಡು ಬಿಕ್ಕಿದಳು. ಆ ಸಂಜೆ ಕೋಳಿ ಹುರಿದಳು, ಓಪಲ್‌ಗೆ ಕೇಳದೆಯೇ ಮಾತ್ರೆ ಕೊಟ್ಟಳು.

ಏಪ್ರಿಲ್‌ನಲ್ಲಿ ಬೆಟ್ಟದಲ್ಲಿ ರ್‍ಯಾಂಪ್ ಬಂತು. ನಮ್ಮ ಕಾಡು ಬೆಳ್ಳುಳ್ಳಿ ಅದು. ತಿಂದವರ ಹತ್ತಿರ ಎರಡು ದಿನ ಯಾರೂ ಸುಳಿಯಲಾರರು, ಅಷ್ಟು ವಾಸನೆ. ಬೆಂಕಿ ಆರಿಸುವ ದಳದ ಶೆಡ್ಡಿನಲ್ಲಿ ವರ್ಷಕ್ಕೊಮ್ಮೆ ಅದರ ಊಟ. ಹೆಂಗಸರೆಲ್ಲ ಬಕೆಟ್ ಸುತ್ತ ಕೂತು ಬೇರು ಕತ್ತರಿಸಿ ಮಣ್ಣು ತೊಳೆಯುತ್ತಿದ್ದಾಗ ಕೆಂಡ್ರಾಳ ಕುರ್ಚಿಯ ಕೆಳಗೆ ನೀರು ಹರಿಯಿತು. ಮೊದಲು ಎಲ್ಲರೂ ಬಕೆಟ್ ಉರುಳಿತೆಂದುಕೊಂಡರು.

ವರ್ನಾ ಎರಡು ಬೆಟ್ಟವನ್ನು ಹೇಗೆ ದಾಟಿದಳೋ ಅವಳಿಗೇ ಗೊತ್ತಿಲ್ಲ. ಆಸ್ಪತ್ರೆಯ ಕೋಣೆಯಲ್ಲಿ ಅಮ್ಮ ಮಗಳ ಕೈಯಿಂದ ರ್‍ಯಾಂಪ್ ವಾಸನೆ ಗಮ್ಮೆಂದಿತು. ನರ್ಸ್ ಕಿಟಕಿಯ ಕಡೆ ನೋಡಿದಳು. ಕಿಟಕಿ ತೆರೆಯುವಂಥದ್ದಾಗಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ನೋವು ಏರಿತು. ಯುವಕರಾದ ಅರಿವಳಿಕೆ ಡಾಕ್ಟರು ಬಂದು, ನಿಧಾನವಾಗಿ ಎರಡೂ ಬಗೆಯನ್ನು ಮತ್ತೆ ವಿವರಿಸಿ, "ನಿಮಗೆ ಯಾವುದು ಬೇಕು?" ಎಂದು ಕೇಳಿದರು.

ಕೆಂಡ್ರಾ ಮಂಚದ ಕಂಬಿ ಹಿಡಿದುಕೊಂಡು ಅಮ್ಮನ ಮುಖ ನೋಡದೆ ಹೇಳಿದಳು: "ಎರಡನೇದು. ಕಾಲು ಉಳಿಯೋದು."

"ಕೆಂಡ್ರಾ."

"ಎರಡನೇದು ಡಾಕ್ಟ್ರೇ."

"ನನಗೆ ಮಾತು ಕೊಟ್ಟಿದ್ದೆ ನೀನು."

"ನಿನ್ನ ಬಾಯಿ ಮುಚ್ಚಿಸೋಕೆ ಕೊಟ್ಟೆ! ಇಡೀ ಜನ್ಮ ನಿನ್ನ ಕಣ್ಣಿಗೆ ಕಳ್ಳಿ ಆಗಿ ಸಾಕಾಯ್ತು ನಂಗೆ. ಆಚೆ ಹೋಗಮ್ಮ. ದಯವಿಟ್ಟು ಆಚೆ ಹೋಗು."

ಡಾಕ್ಟರು ವರ್ನಾಳಿಗೆ ಬಾಗಿಲು ತೋರಿಸಿದರು. ಮೊಗಸಾಲೆಯಲ್ಲಿ ಅವಳು ಗೋಡೆಗೆ ಆತು ನಿಂತಳು. ಕಣ್ಣೆದುರು ಏನು ಬಂದಿತೆಂದು ನಮಗೆ ಗೊತ್ತು. ರಸ್ಟಿಯೂ ಹೀಗೆಯೇ ಮಾತು ಕೊಡುತ್ತಿದ್ದ, ತಬ್ಬಿಕೊಳ್ಳುತ್ತಿದ್ದ, ಬಾಗಿಲು ಹಾಕಿಕೊಳ್ಳುತ್ತಿದ್ದ. ಅಷ್ಟರಲ್ಲಿ ಇನ್ನೊಬ್ಬಳು ನರ್ಸ್, ವಯಸ್ಸಾದವಳು, "ಯಾಕಮ್ಮಾ, ಆರಾಮಿದೀರಾ?" ಎಂದಳು.

"ನಮ್ಮ ಮನೇಲಿ ಈ ಕಾಯಿಲೆ ಇದೆ," ಎಂದಳು ವರ್ನಾ. "ಮಗ ಹೋದ. ಇವಳೂ ಅವನ ತರಾನೇ ಸುಳ್ಳು ಹೇಳ್ತಾಳೆ. ಆ ಔಷಧಿಯೇ ಬೇಕು ಅಂತ ಹಟ ಹಿಡಿದಿದಾಳೆ. ಸ್ವಲ್ಪ ಕಣ್ಣಿಡಿ ನರ್ಸಮ್ಮ."

ಪ್ರತಿಜ್ಞೆ ಪಾಲಿಸಿದ ಸಮಾಧಾನ ಅವಳಿಗೆ ಆ ಗಳಿಗೆಯಲ್ಲಿ ಆಗಿರಬೇಕು. ನರ್ಸ್ ತಲೆಯಾಡಿಸಿ ಹೋದಳು.

ಸೂಜಿ ಕೆಲಸ ಮಾಡಿತು. ಕೆಂಡ್ರಾ ಮಂಡಿಯೂರಿದಳು, ಮಗ್ಗುಲಾದಳು, ಯಾರೂ ಅವಳನ್ನು ಹೊರಳಿಸಲಿಲ್ಲ. ಸೊಂಟದ ಕೆಳಗೆ ಸ್ವಲ್ಪ ಜೋಮು ಇದ್ದುದರಿಂದ ಮೂತ್ರಕ್ಕೆ ನಳಿಗೆ ಹಾಕಿದರು. ಆ ಮೂತ್ರದಲ್ಲೊಂದಿಷ್ಟು ಪರೀಕ್ಷೆಗೂ ಹೋಯಿತು. ಅವಳಿಗೆ ಯಾರೂ ಹೇಳಲಿಲ್ಲ. ಸಂಜೆ ಬಿಸಿಲಿರುವಾಗಲೇ ಗಂಡುಮಗು ಹುಟ್ಟಿತು. ತಾನೇ ಕೈ ಚಾಚಿ ಎತ್ತಿಕೊಂಡಳು. ವೇಡ್ ಎಂದು ಹೆಸರಿಟ್ಟಳು. ಆ ಒಂದು ಸಂಜೆ ಅವಳಷ್ಟು ಸುಖಿ ನಮ್ಮ ಕಣಿವೆಯಲ್ಲಿ ಯಾರೂ ಇರಲಿಲ್ಲ.

ಮರುದಿನ ತಿಂಡಿಯ ತಟ್ಟೆ ತೆಗೆಯುವ ಮೊದಲೇ ಅಮಲಿನ ತಾಯಂದಿರಿಂದ ಕೂಸನ್ನು ಕೊಂಡೊಯ್ಯುವ ಅಧಿಕಾರವಿರುವ ಮಕ್ಕಳ ಇಲಾಖೆಯಿಂದ ಪ್ರೂಯಿಟ್ ಎನ್ನುವ ಹೆಂಗಸು ಬಂದಳು. ಕೆಂಡ್ರಾಳ ಮೂತ್ರದಲ್ಲಿ ಫೆಂಟನಿಲ್ ಸಿಕ್ಕಿತ್ತು. ಆಸ್ಪತ್ರೆ ತಾನೇ ಬೆನ್ನಿಗೆ ಹಾಕಿದ್ದನ್ನು ತಾನೇ ಮೂತ್ರದಲ್ಲಿ ಕಂಡುಹಿಡಿದು ತಾನೇ ದೂರು ಕೊಟ್ಟಿತ್ತು.

"ನಿನ್ನೆ ಆಸ್ಪತ್ರೆಯವರೇ ಕೊಟ್ರು!" ಎಂದಳು ಕೆಂಡ್ರಾ. "ಆ ಡಾಕ್ಟರನ್ನ ಕರೆಸಿ, ಕೇಳಿ!"

"ಅದನ್ನೂ ನೋಡ್ತೀವಿ. ಕೊಟ್ಟ ಔಷಧಿ ಒಂದೇನಾ, ಮುಂಚೆಯೂ ಇತ್ತಾ ಅಂತ ಪರೀಕ್ಷೆಯಿಂದ ಗೊತ್ತಾಗಲ್ಲ. ಮನೆಯವರೇ ಅನುಮಾನ ಹೇಳಿದಾರೆ ಅಂದ್ಮೇಲೆ ನಾವು ವಿಚಾರಿಸಲೇಬೇಕು."

"ಯಾವ ಮನೆಯವರು?"

ಪ್ರೂಯಿಟ್ ಕೈಯಲ್ಲಿದ್ದ ಕಾಗದ ಮಗುಚಿದಳು. ಮೂಲೆಯ ಕುರ್ಚಿಯಲ್ಲಿದ್ದ ವರ್ನಾಳ ಮುಖ ಸುಣ್ಣವಾಗಿತ್ತು. "ನಾನು ಹಾಗಲ್ಲ ಹೇಳಿದ್ದು," ಎಂದಳು. "ಕಣ್ಣಿಡಿ ಅಂದೆ ಅಷ್ಟೇ."

"ಹಾಗಾದ್ರೆ ಈಗ ಹೇಳಿ," ಎಂದಳು ಪ್ರೂಯಿಟ್. ಕೆಟ್ಟ ಹೆಂಗಸಲ್ಲ, ಸುಸ್ತಾದ ಹೆಂಗಸು. "ಇವರ ಜೊತೆ ವಾಸವಾಗಿರೋರು ನೀವು. ನಿಮ್ಮ ಮಗಳು ಯಾವತ್ತಾದ್ರೂ ಇದನ್ನ ತಗೊಂಡಿದ್ದಾರಾ? ಇಲ್ಲ ಅಂತ ನೀವು ಖಂಡಿತ ಹೇಳಬಲ್ಲಿರಾ?"

ಕೆಂಡ್ರಾ ಮಗುವನ್ನು ಎದೆಗೊತ್ತಿಕೊಂಡು ಅಮ್ಮನನ್ನೇ ನೋಡಿದಳು. ಒಂದೇ ಮಾತು ಸಾಕಿತ್ತು. ಇಲ್ಲ. ಸತ್ಯವೂ ಅದೇ ಆಗಿತ್ತು.

ವರ್ನಾಳ ಕೈ ಎದೆಯವರೆಗೆ ಹೋಗಿ ಕೀಲಿಯನ್ನು ಹಿಡಿದುಕೊಂಡಿತು.

"ನನಗೆ ಗೊತ್ತಿಲ್ಲ," ಎಂದಳು. "ಮಗನ ಬಗ್ಗೆ ಇಲ್ಲ ಅಂತ ಆಣೆ ಇಟ್ಟಿದ್ದೆ. ಇನ್ನೊಂದು ಸಲ ಇಡಲಾರೆ. ನನಗೆ ಗೊತ್ತಿಲ್ಲ."

ಕೆಂಡ್ರಾ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು.

ಇಲಾಖೆಯ ತೀರ್ಮಾನ ಹೀಗಾಯಿತು: ವಿಚಾರಣೆ ಮುಗಿಯುವವರೆಗೆ ಮಗು ಮನೆಯಲ್ಲೇ ಇರಬಹುದು, ಆದರೆ ತಾಯಿಯ ಜೊತೆ ಒಂಟಿಯಾಗಿ ಇರಕೂಡದು. ಗ್ಯಾರೆಟ್ ದೋಣಿಯಿಂದ ಇಳಿದು ಓಡಿಬಂದು ಕೂಗಾಡಿದ. ಕೆಲಸ ಬಿಟ್ಟರೆ ಮಗುವಿಗೆ ಆಸ್ಪತ್ರೆ ವಿಮೆಯೂ ಇಲ್ಲ, ಒಂದು ವಾರ ಇದ್ದು ಹಿಂದಕ್ಕೆ ಹೋಗಬೇಕಾಯಿತು. ಓಪಲ್ ಕುರ್ಚಿಯಿಂದ ಏಳಲಾರಳು. ಕಾವಲಿಗೆ ಉಳಿದವಳು ವರ್ನಾ ಒಬ್ಬಳೇ. ಅವಳಾದರೋ ಶಾಲೆಗೆ ರಜೆ ಹಾಕಿ, ಹೇಳಿದ ಮಾತನ್ನು ಅಕ್ಷರಶಃ ಪಾಲಿಸಿದಳು. ಪಾಲಿಸುವುದರಲ್ಲಿ ಅವಳನ್ನು ಮೀರಿಸುವವರಿಲ್ಲ.

ತೊಟ್ಟಿಲು ವರ್ನಾಳ ಕೋಣೆಗೆ ಹೋಯಿತು. ಮಗು ಅತ್ತಾಗ ಕೆಂಡ್ರಾ ಬಾಗಿಲಲ್ಲಿ ನಿಂತು, "ಹಾಲು ಕೊಡ್ಬೇಕು," ಎನ್ನುತ್ತಿದ್ದಳು. ವರ್ನಾ ಮಗುವನ್ನು ಕೊಟ್ಟು ಎದುರಿಗೆ ಕೂರುತ್ತಿದ್ದಳು. ಸ್ನಾನ ಮಾಡಿಸುವಾಗ ಪಕ್ಕದಲ್ಲಿ ನಿಲ್ಲುತ್ತಿದ್ದಳು. ವರ್ನಾ ಅಂಗಡಿಗೆ ಹೋಗುವಾಗ ಮಗುವೂ ಅವಳ ಜೊತೆ ಹೋಗುತ್ತಿತ್ತು, ಎದೆ ತುಂಬಿ ಅಂಗಿ ಒದ್ದೆಯಾದ ಕೆಂಡ್ರಾ ಕಿಟಕಿಯಲ್ಲಿ ಕಾಯುತ್ತಿದ್ದಳು. ಆರೈಕೆ ಮನೆಯವರು ವಿಚಾರಣೆ ಮುಗಿದ ಮೇಲೆ ಕೆಲಸಕ್ಕೆ ಬಂದರೆ ಸಾಕೆಂದಿದ್ದರು.

"ಹೊರಗೆ ಬಿಸಿಲಿದೆ. ಅಂಗಳದಲ್ಲಿ ಎತ್ಕೊಂಡು ಓಡಾಡ್ಲಾ?"

"ಪಾತ್ರೆ ಆಗ್ಲಿ, ನಾನೂ ಬರ್ತೀನಿ."

"ಬಾಗಿಲಲ್ಲೇ ಇರ್ತೀನಮ್ಮ."

"ಪ್ರೂಯಿಟ್ ಬಂದ್ರೆ? ನನ್ನ ಮೇಲೆ ಸಿಟ್ಟು ಮಾಡ್ಬೇಡ ಕೆಂಡ್ರಾ. ನಾನು ಸರಿಯಾಗಿ ನೋಡ್ಕೊಂಡ್ರೆ ತಾನೇ ಬೇಗ ಮುಗಿಯೋದು?"

ಓಪಲ್ ಕುರ್ಚಿಯಿಂದಲೇ ಕೆರಳಿದಳು. "ಪೊಲೀಸ್ ಕೆಲಸಕ್ಕೆ ಸೇರ್ಬೇಕಿತ್ತು ಕಣೇ ನೀನು! ನಿನ್ನ ಮಗಳು ತನ್ನ ಮಗೂನ ಭಿಕ್ಷೆ ಬೇಡ್ತಿದಾಳೆ, ಕಿವಿ ಕೇಳ್ಸುತ್ತಾ?"

"ನೀನು ಸುಮ್ನಿರಮ್ಮ. ಒಂದು ಮಗು ಕಳ್ಕೊಂಡಿರೋಳು ನಾನು."

"ಇನ್ನೊಂದನ್ನೂ ಕಳ್ಕೊಳ್ತಿದ್ದೀಯ. ಅದು ಕಾಣ್ತಿಲ್ಲ ನಿನಗೆ."

ಕಂಡಿರಬಹುದು. ಬೀನ್ಸು ಬೇಯಿಸಿ ಬಡಿಸಿದರೆ ಕೆಂಡ್ರಾ ತಿನ್ನುತ್ತಿದ್ದಳು, ಕೇಳಿದ್ದಕ್ಕೆ ಹೂಂ, ಉಹೂಂ ಎನ್ನುತ್ತಿದ್ದಳು. ಜಗಳವಾಡುವುದನ್ನು ನಿಲ್ಲಿಸಿದ್ದಳು. ವರ್ನಾ ಒಂದೆರಡು ಸಲ, "ಬೈದುಬಿಡೇ, ಮನಸ್ಸು ಹಗುರ ಆಗುತ್ತೆ," ಎಂದಳು. ಕೆಂಡ್ರಾ ತಟ್ಟೆ ತೊಳೆದಿಟ್ಟು ಹೋದಳು.

ಜೂನ್ ಮೊದಲ ವಾರ ಪ್ರೂಯಿಟ್ ಫೋನ್ ಮಾಡಿದಳು. ಆಸ್ಪತ್ರೆ ಕೊಟ್ಟ ಔಷಧಿಯ ವಿವರವೆಲ್ಲ ತಾಳೆಯಾಗಿದೆ, ಮಗುವಿನ ಪರೀಕ್ಷೆಗಳಲ್ಲಿ ಬೇರೇನೂ ಇಲ್ಲ, ಪ್ರಕರಣ ಮುಗಿಯಿತು. ಕ್ಷಮಿಸಿ ಎನ್ನಲಿಲ್ಲ. ಆಲ್ ದ ಬೆಸ್ಟ್ ಎಂದಳು.

ಕೆಂಡ್ರಾ ಫೋನ್ ಇಟ್ಟವಳೇ ಅಮ್ಮನ ಕೋಣೆಗೆ ಹೋಗಿ, ಕೇಳದೆ, ಮಗುವನ್ನು ಎತ್ತಿಕೊಂಡು ಅಂಗಳಕ್ಕೆ ಇಳಿದಳು. ಬೇಲಿಯವರೆಗೆ ಹೋದಳು. ಅಲ್ಲಿ ನಿಂತು ಗಟ್ಟಿಯಾಗಿ ಅತ್ತಳು. ವರ್ನಾ ಬಾಗಿಲವರೆಗೆ ಬಂದು, ಮುಂದೆ ಹೋಗುವ ಧೈರ್ಯವಾಗದೆ ನಿಂತಳು.

ಗ್ಯಾರೆಟ್ ರಜೆಗೆ ಬಂದ ದಿನವೇ ಟ್ರಕ್ಕಿಗೆ ಸಾಮಾನು ಏರಿತು. ನದಿಯ ಹತ್ತಿರ ಗಾಲಿಯ ಮೇಲಿನ ಒಂದು ಟ್ರೇಲರ್ ಮನೆ ಬಾಡಿಗೆಗೆ ಹಿಡಿದಿದ್ದ. ವರ್ನಾ ಬೆಳಗಿನ ಜಾವವೇ ಎದ್ದು ಮಾಂಸ ತುಂಬಿದ ಬ್ರೆಡ್ಡಿನ ರೋಲುಗಳನ್ನು ಸುಟ್ಟು ಬಟ್ಟೆಯಲ್ಲಿ ಕಟ್ಟಿದ್ದಳು. ಗ್ಯಾರೆಟ್ ಅದನ್ನು ಟ್ರಕ್ಕಿನ ಸೀಟಿನ ಮೇಲೆ ಇಟ್ಟ. ಕೆಂಡ್ರಾ ಅಡುಗೆಮನೆಗೆ ಬಂದು ಮಗುವನ್ನು ಅಜ್ಜಿಯ ಮಡಿಲಲ್ಲಿ ಇಟ್ಟಳು. ಓಪಲ್ ಅದರ ಹಣೆಗೆ ಮುತ್ತಿಟ್ಟು, ಹೆಬ್ಬೆರಳಿನಿಂದ ಕೆನ್ನೆ ಸವರಿ ವಾಪಸು ಕೊಟ್ಟಳು. ವರ್ನಾ ಕೈ ಒರೆಸಿಕೊಂಡು ಎರಡೂ ಕೈ ಮುಂದೆ ಚಾಚಿದ್ದಳು. ಕೆಂಡ್ರಾ ಆ ಕೈಗಳನ್ನು ದಾಟಿ ಹೊರಗೆ ನಡೆದಳು.

"ಭಾನುವಾರ ಕರ್ಕೊಂಡು ಬರ್ತೀಯಲ್ಲ? ಊಟಕ್ಕೆ?" ವರ್ನಾ ಟ್ರಕ್ಕಿನ ಕಿಟಕಿ ಹಿಡಿದುಕೊಂಡಳು.

"ನನಗೆ ಗೊತ್ತಿಲ್ಲ."

"ಆ ಮುಂದಿನ ವಾರ?"

"ಗೊತ್ತಿಲ್ಲಮ್ಮ."

"ನಾನು ಅವನಜ್ಜಿ ಕೆಂಡ್ರಾ. ಅವನಿಗೆ ಕೆಡುಕು ಮಾಡ್ತೀನಾ ನಾನು? ಹೇಳು. ಮಾಡ್ತೀನಾ?"

ಆಸ್ಪತ್ರೆಯ ಆ ಬೆಳಿಗ್ಗೆಯ ನಂತರ ಕೆಂಡ್ರಾ ಈಗ ಮೊದಲ ಸಲ ಅಮ್ಮನ ಕಣ್ಣನ್ನು ನೇರವಾಗಿ ನೋಡಿದಳು. "ಇಲ್ಲ ಅಂತ ನಾನು ಆಣೆ ಇಡಲಾರೆ," ಎಂದಳು. ಗ್ಯಾರೆಟ್ ಟ್ರಕ್ಕನ್ನು ಗೇರಿಗೆ ಹಾಕಿದ.

ವರ್ನಾ ಒಳಗೆ ಬಂದು ಒಲೆಯ ಮುಂದೆ ನಿಂತಳು. ಬೀನ್ಸು ತಳ ಹಿಡಿಯುತ್ತಿತ್ತು. ಅವಳು ಕದಡಲಿಲ್ಲ.

"ಮಂಡಿ ನೋಯ್ತಿದೆ," ಎಂದಳು ಓಪಲ್. "ಪೆಟ್ಟಿಗೆ ತೆಗೆದೇ ಇಡು ಇನ್ನು. ಕದಿಯೋಕೆ ಈ ಮನೇಲಿ ಯಾರು ಉಳಿದಿದಾರೆ?"

ವರ್ನಾ ಕೊರಳಿನಿಂದ ಕೀಲಿ ತೆಗೆದು ಪೆಟ್ಟಿಗೆ ತೆರೆದಳು. ಒಂದು ಮಾತ್ರೆ, ಒಂದು ಲೋಟ ನೀರು ತಂದುಕೊಟ್ಟಳು. ತಾಯಿ ಅದನ್ನು ನುಂಗುವವರೆಗೆ ಎದುರಿಗೆ ನಿಂತು ನೋಡಿದಳು. ಆಮೇಲೆ ಹೋಗಿ ಮತ್ತೆ ಬೀಗ ಹಾಕಿದಳು.